ಹನ್ನೆರಡಾಯ್ತಲ್ಲ ಮೇಡಂ, ಇನ್ಯಾಕೆ ಮಾತ್ರೆ?

ಮೊನ್ನೆ ಬಂದ ಹುಡುಗಿ ರಕ್ತಹೀನತೆಯೆಂದು ನನ್ನ ಬಳಿ ಬರುವುದು ಇದು ಮೂರನೇ ಸಲ. ಪಿಯುಸಿ ಮೊದಲ ವರ್ಷ, ಹದಿನಾರು ವಯಸ್ಸು. ಮೊದಲು ಬಂದಾಗ ಹಿಮೋಗ್ಲೋಬಿನ್ 8.4 ಇತ್ತು. ಕಬ್ಬಿಣಾಂಶದ ಮಾತ್ರೆ ಶುರುಮಾಡಿ ಎರಡು ತಿಂಗಳಿಗೆ 12.1 ಆಯಿತು. ಮುಂದಿನ ವರ್ಷ ಮತ್ತೆ 8.9. ಮತ್ತೆ ಮಾತ್ರೆ, ಮತ್ತೆ 12. ಈಗ 8.6. ತಾಯಿ ಹಳೆಯ ರಿಪೋರ್ಟುಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಿಂದ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು.

"ನೀವು ಕೊಡೋ ಮಾತ್ರೆ ಇವಳಿಗೆ ಹಿಡಿಸೋದೇ ಇಲ್ಲ ಮೇಡಂ. ಬಿಟ್ಟ ಕೂಡ್ಲೇ ರಕ್ತ ಇಳಿದುಹೋಗುತ್ತೆ. ಒಂದು ಬಾಟ್ಲಿ ಏರಿಸಿಬಿಡಿ."

"ಬಿಟ್ಟಿದ್ದು ಯಾಕಮ್ಮ?"

"ಹನ್ನೆರಡಾಯ್ತಲ್ಲ!"

ಈ ಉತ್ತರವನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳಿದವರಲ್ಲಿ ಶಾಲಾ ಮೇಷ್ಟ್ರಿದ್ದಾರೆ, ಬ್ಯಾಂಕಿನವರಿದ್ದಾರೆ. ಒಮ್ಮೆ ಒಬ್ಬ ನರ್ಸ್ ತಮ್ಮ ಮಗಳ ವಿಷಯದಲ್ಲಿ ಇದನ್ನೇ ಹೇಳಿದಾಗ ನನಗೆ ಕೋಪ ಬಂದಿತ್ತು. ಆಮೇಲೆ ಯೋಚಿಸಿದರೆ ತಪ್ಪು ನಮ್ಮದೂ ಇದೆ. ಚೀಟಿಯಲ್ಲಿ "ಮೂರು ತಿಂಗಳು" ಎಂದು ಗೀಚಿ ಕೊಡುತ್ತೇವೆ, ಯಾಕೆ ಮೂರು ತಿಂಗಳು ಎಂದು ಹೇಳುವಷ್ಟು ಹೊತ್ತು ನಮಗಿರುವುದಿಲ್ಲ. ಹೊರಗೆ ಬೆಂಚಿನ ಮೇಲೆ ಇನ್ನೂ ಮೂವತ್ತು ಜನ ಕೂತಿರುತ್ತಾರೆ. ಆ ಹೊತ್ತನ್ನು ಇಲ್ಲಿ ತೆಗೆದುಕೊಳ್ಳುತ್ತೇನೆ.

ನಮ್ಮ ಅಜ್ಜಿಯ ಊರಿನಲ್ಲಿ ಮನೆ ಮುಂದೆ ಹಗೇವು ಇತ್ತು. ನೆಲದೊಳಗೆ ತೋಡಿದ ಗುಂಡಿ, ಬಾಯಿಗೆ ಕಲ್ಲು, ಮೇಲೆ ಮಣ್ಣು. ಸುಗ್ಗಿಯ ರಾಗಿ ಅದರೊಳಗೆ. ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬ. ದಿನದ ಮುದ್ದೆ ಡಬ್ಬದಿಂದ, ಡಬ್ಬ ತುಂಬುವುದು ಹಗೇವಿನಿಂದ. ಡಬ್ಬದಲ್ಲಿ ಹಿಟ್ಟಿದೆ ಎಂದು ಅಜ್ಜಿ ನಿಶ್ಚಿಂತೆಯಾಗಿ ಕೂತದ್ದನ್ನು ನಾನು ನೋಡಿಲ್ಲ. ಅವರ ಕಣ್ಣು ಯಾವಾಗಲೂ ಹಗೇವಿನ ಮೇಲೆ.

ಹಿಮೋಗ್ಲೋಬಿನ್ ಎಂಬುದು ಡಬ್ಬ. ಲಿವರ್ ಮತ್ತು ಮೂಳೆಯ ಮಜ್ಜೆಯಲ್ಲಿ ಕೂಡಿಟ್ಟ ಕಬ್ಬಿಣಾಂಶ ಹಗೇವು. ಕಬ್ಬಿಣ ಕಡಿಮೆಯಾಗುವಾಗ ಮೊದಲು ಖಾಲಿಯಾಗುವುದು ಹಗೇವು. ಅದು ಬರಿದಾಗುವತನಕ ಡಬ್ಬದಲ್ಲಿ ಹಿಟ್ಟು ಕಾಣುತ್ತಲೇ ಇರುತ್ತದೆ, ಅಂದರೆ ರಿಪೋರ್ಟು ಚೆನ್ನಾಗಿಯೇ ಇರುತ್ತದೆ. ಮಾತ್ರೆ ಶುರುಮಾಡಿದಾಗ ಇದರ ಉಲ್ಟಾ. ಬಂದದ್ದೆಲ್ಲ ಮೊದಲು ಡಬ್ಬಕ್ಕೆ ಹೋಗುತ್ತದೆ, ಹಗೇವಿನ ಸರದಿ ಕಡೆಗೆ. ಹಿಮೋಗ್ಲೋಬಿನ್ 12 ಮುಟ್ಟಿದ ದಿನ ಹಗೇವಿನ ತಳದಲ್ಲಿ ನಾಲ್ಕು ಕಾಳೂ ಇರುವುದಿಲ್ಲ. ಸರಿಯಾಗಿ ಆ ದಿನವೇ ನೀವು ಮಾತ್ರೆ ನಿಲ್ಲಿಸುತ್ತೀರಿ.

ಲೆಕ್ಕ ಬೇಕೆನ್ನುವವರಿಗೆ ಲೆಕ್ಕವನ್ನೂ ಕೊಡುತ್ತೇನೆ, ಅಂದಾಜು ಎಂದೇ ತಿಳಿಯಿರಿ. ನಲವತ್ತೈದು ಕಿಲೋ ತೂಕದ ಹುಡುಗಿಯ ಮೈಯಲ್ಲಿ ಸುಮಾರು 3 ಲೀಟರ್ ರಕ್ತ. ಅವಳ ಹಿಮೋಗ್ಲೋಬಿನ್ 1 ಗ್ರಾಂ ಏರಬೇಕಾದರೆ 100 ಮಿಲಿಗ್ರಾಂ ಕಬ್ಬಿಣ ಬೇಕು. 8ರಿಂದ 12ಕ್ಕೆ ಏರಲು 400. ಸರ್ಕಾರದ ನೀಲಿ ಮಾತ್ರೆಯಲ್ಲಿರುವುದು 60 ಮಿಲಿಗ್ರಾಂ, ಆದರೆ ಕರುಳು ಹೀರಿಕೊಳ್ಳುವುದು ಅದರಲ್ಲಿ ಏಳೆಂಟು ಮಿಲಿಗ್ರಾಂ ಇರಬಹುದು. ಡಬ್ಬ ತುಂಬಲಿಕ್ಕೇ ಎರಡು ತಿಂಗಳು ಹಿಡಿಯಿತೇ? ಹಗೇವಿಗೆ ಇನ್ನೂ 300 ಮಿಲಿಗ್ರಾಂ ಬೇಕು. ಆದ್ದರಿಂದಲೇ ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಿ ಎನ್ನುತ್ತೇವೆ. ಮೇಲೂ. ಈ ಒಂದು ಪದವನ್ನು ಚೀಟಿಯಲ್ಲಿ ನಾನೀಗ ಕೆಂಪು ಪೆನ್ನಿನಲ್ಲಿ ಬರೆಯುತ್ತೇನೆ.

ಇತ್ತ ತುಂಬುವಾಗ ಅತ್ತ ಸೋರುತ್ತಲೂ ಇರುತ್ತದೆ. ಸಾಮಾನ್ಯ ಮುಟ್ಟಿನಲ್ಲೇ ತಿಂಗಳಿಗೆ 15ರಿಂದ 20 ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ಇದೇ ವಯಸ್ಸಿನಲ್ಲಿ ಮೈ ಬೆಳೆಯುವುದೂ ಜೋರು, ಅದೂ ಕೇಳುತ್ತದೆ. ಏಳು ದಿನ ಮೀರಿ ಸ್ರಾವವಾಗುವುದು, ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸುವಂತಾಗುವುದು, ದೊಡ್ಡ ಗಡ್ಡೆಗಳು ಹೋಗುವುದು ಇದ್ದರೆ ಹೇಳಬೇಕು. "ನಮ್ಮನೇಲಿ ಎಲ್ರಿಗೂ ಹಂಗೇ" ಎಂದು ಸುಮ್ಮನಾಗುವ ತಾಯಂದಿರೇ ಹೆಚ್ಚು. ಎಲ್ಲರಿಗೂ ಹಾಗೇ ಇದ್ದರೆ ನಾನು ಇನ್ನಷ್ಟು ಕಿವಿ ನಿಮಿರಿಸುತ್ತೇನೆ. ರಕ್ತ ಹೆಪ್ಪುಗಟ್ಟುವುದರಲ್ಲಿನ ದೋಷ ವಂಶದಲ್ಲಿ ಬರುವುದುಂಟು.

ಬೇಗ ತುಂಬಲಿ ಎಂದು ಎರಡೆರಡು ನುಂಗುವವರಿಗೊಂದು ಮಾತು. ಒಂದು ಮಾತ್ರೆ ಒಳಗೆ ಹೋದ ಕೂಡಲೇ ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಬಿಟ್ಟು ಕರುಳಿನ ಬಾಗಿಲನ್ನು ಅರ್ಧ ಮುಚ್ಚಿಸುತ್ತದೆ, ಸುಮಾರು ಒಂದು ದಿನದ ಮಟ್ಟಿಗೆ. ಹಾಗಾಗಿ ಹೆಚ್ಚು ನುಂಗಿದರೆ ಅಷ್ಟೇ ಹೆಚ್ಚು ದಕ್ಕುವುದಿಲ್ಲ, ಹೊಟ್ಟೆ ತೊಳಸುವುದು ಮಾತ್ರ ಹೆಚ್ಚುತ್ತದೆ. ನನ್ನ ಕೆಲವು ರೋಗಿಗಳಿಗೆ ದಿನ ಬಿಟ್ಟು ದಿನ ಕೊಡುತ್ತೇನೆ. ಯಾರಿಗೆ ಹೇಗೆ ಎಂಬುದು ನೋಡಿ ಹೇಳುವ ವಿಷಯ, ಇದನ್ನು ಓದಿ ನೀವೇ ಡೋಸು ಬದಲಿಸಬೇಡಿ.

ಟೀ ಕಾಫಿ ಜೊತೆ ನುಂಗಬಾರದು, ಹಾಲಿನ ಜೊತೆಯೂ ಬೇಡ, ನಿಂಬೆಹಣ್ಣಿನ ಪಾನಕವೋ ನೆಲ್ಲಿಕಾಯಿಯೋ ಒಳ್ಳೆಯದು, ಮಲ ಕಪ್ಪಾದರೆ ಗಾಬರಿ ಬೇಡ. ಇದೆಲ್ಲ ನಿಮಗೆ ಗೊತ್ತಿರುವುದೇ. ಮಾತ್ರೆಯ ಡಬ್ಬಿಯನ್ನು ಎಳೆ ಮಕ್ಕಳ ಕೈಗೆ ಸಿಗದ ಕಡೆ ಇಡಿ, ಪುಟ್ಟ ಮಕ್ಕಳು ಪೆಪ್ಪರಮೆಂಟಿನ ಹಾಗೆ ನಾಲ್ಕಾರು ತಿಂದರೆ ಜೀವಕ್ಕೇ ಅಪಾಯ. ಬೀಟ್‌ರೂಟ್ ವಿಷಯ ಮಾತ್ರ ತಡೆದುಕೊಳ್ಳಲು ಆಗುವುದಿಲ್ಲ. ಕೆಂಪಗಿದೆ ಎಂಬ ಒಂದೇ ಕಾರಣಕ್ಕೆ ಮಕ್ಕಳಿಗೆ ದಿನಾ ಅದರ ಜ್ಯೂಸು ಕುಡಿಸುತ್ತೀರಲ್ಲ, 100 ಗ್ರಾಂ ಬೀಟ್‌ರೂಟಿನಲ್ಲಿ ಕಬ್ಬಿಣ 1 ಮಿಲಿಗ್ರಾಂ ಕೂಡ ಇಲ್ಲ. ದಾಳಿಂಬೆಯಲ್ಲಿ ಅದಕ್ಕೂ ಕಡಿಮೆ. ತಿನ್ನಬೇಡಿ ಎನ್ನುತ್ತಿಲ್ಲ. ರುಚಿಗೆ ತಿನ್ನಿ.

ಬಾಟ್ಲಿಯ ವಿಷಯ. ಸೂಜಿಯ ಮೂಲಕ ಕಬ್ಬಿಣಾಂಶ ಕೊಡುವ ಚಿಕಿತ್ಸೆ ಇದೆ, ತೀರಾ ಕಡಿಮೆಯಾದವರಿಗೆ, ಮಾತ್ರೆ ಒಗ್ಗದವರಿಗೆ ಅದು ಬೇಕಾಗುತ್ತದೆ. ಆದರೆ ಜನ ಕೇಳುವ ಬಾಟ್ಲಿ ಅದಲ್ಲ, ಗ್ಲೂಕೋಸ್ ನೀರಿಗೆ ಬಿ ಕಾಂಪ್ಲೆಕ್ಸ್ ಬೆರೆಸಿದ ಹಳದಿ ಬಾಟ್ಲಿ. ಅದರಲ್ಲಿ ಕಬ್ಬಿಣ ಇಲ್ಲ.

ಆ ಹುಡುಗಿಯ ಕಡೆ ತಿರುಗಿ, "ಬಳಪ ತಿಂತೀಯೇನಮ್ಮ?" ಎಂದೆ. ಅವಳು ತಾಯಿಯ ಮುಖ ನೋಡಿದಳು. ತಾಯಿ, "ಛೇ, ಚಿಕ್ಕ ಮಗೂನಾ ಮೇಡಂ ಅವಳು?" ಎಂದರು. ಹುಡುಗಿ ಮೆಲ್ಲಗೆ, "ದಿನಾ ಎರಡು ಮೂರು ಕಡ್ಡಿ" ಎಂದಳು. ಬ್ಯಾಗಿನಲ್ಲೇ ಇತ್ತು, ಜಾಮಿಟ್ರಿ ಬಾಕ್ಸಿನೊಳಗೆ. ಕಬ್ಬಿಣದ ಕೊರತೆಯಿದ್ದಾಗ ಬಳಪ, ಮಣ್ಣು, ಹಸಿ ಅಕ್ಕಿ, ಐಸು ಇವುಗಳ ಮೇಲೆ ಆಸೆಯಾಗುವುದು ತೀರಾ ಸಾಮಾನ್ಯ. ಅಕ್ಕಿ ತಿಂದರೆ ಮದುವೆ ದಿನ ಮಳೆ ಬರುತ್ತದೆ ಎಂದು ಹೆದರಿಸಿ ಬಿಡಿಸುವ ಬದಲು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ನಾನು ಬೈಯಲಿಲ್ಲ. ಕೊರತೆ ತುಂಬಿಕೊಂಡಂತೆ ಆ ಚಪಲ ಬಹುಪಾಲು ತಾನಾಗಿ ಹೋಗುತ್ತದೆ.

ಹಗೇವು ಎಷ್ಟು ತುಂಬಿದೆ ಎಂದು ನೋಡಲು ಫೆರಿಟಿನ್ ಪರೀಕ್ಷೆ ಇದೆ. 15ಕ್ಕಿಂತ ಕಡಿಮೆಯಿದ್ದರೆ ಬರಿದು ಎಂದೇ ಅರ್ಥ. ಜ್ವರ, ಸೋಂಕು ಇದ್ದಾಗ ಅದು ಸುಳ್ಳೇ ಏರಿರುತ್ತದೆ, ಹಾಗಾಗಿ ಎಲ್ಲರಿಗೂ ಬರೆಯುವುದಿಲ್ಲ. ಇವಳಿಗೆ ಮೂರನೇ ಸಲವಾದ್ದರಿಂದ ಬರೆದೆ. ಸರಿಯಾಗಿ ನುಂಗಿಯೂ ಒಂದು ತಿಂಗಳಲ್ಲಿ ಹಿಮೋಗ್ಲೋಬಿನ್ 1 ಗ್ರಾಂ ಕೂಡ ಏರದಿದ್ದರೆ ಬೇರೆ ಕಾರಣ ಹುಡುಕಬೇಕಾಗುತ್ತದೆ: ಥಲಸ್ಸೀಮಿಯ ಎಂಬ ವಂಶದಲ್ಲಿ ಬರುವ ರಕ್ತದ ಕಾಯಿಲೆಯ ವಾಹಕಳಾಗಿರಬಹುದು, ಬಿ12 ಕೊರತೆ ಇರಬಹುದು, ಕರುಳಿನ ತೊಂದರೆ ಇರಬಹುದು. ಅಂಥವರಿಗೆ ಕಬ್ಬಿಣದ ಮಾತ್ರೆಯನ್ನೇ ವರ್ಷಗಟ್ಟಲೆ ತುರುಕುವುದೂ ತಪ್ಪು. ಇವಳದು ಆ ಜಾತಿಯಲ್ಲ, ಎರಡು ಸಲವೂ ಚೆನ್ನಾಗಿಯೇ ಏರಿದೆ. ಮಾತ್ರೆ ಹಿಡಿಸದಿದ್ದರೆ ಏರುತ್ತಿತ್ತೇ ಎಂದು ತಾಯಿಗೆ ಅವರದೇ ರಿಪೋರ್ಟು ತೋರಿಸಿ ಕೇಳಿದೆ. ಸ್ವಲ್ಪ ಹೊತ್ತು ಕಾಗದ ನೋಡಿ, "ಹಂಗಾದ್ರೆ ನಾವೇ ಹಗೇವಿಗೆ ಬೀಳದ ಹಂಗೆ ಮಾಡಿದ್ವಿ" ಎಂದರು.

ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯನ್ನು ಕಿಟಕಿಯಿಂದ ಎಸೆಯುವುದಾಗಿಯೂ ಹುಡುಗಿ ಒಪ್ಪಿಕೊಂಡಳು, ಎಲ್ಲರೂ ಎಸೆಯುತ್ತಾರಂತೆ. ಅದು ಇರುವುದೇ ಹಗೇವು ಬರಿದಾಗದಿರಲಿ ಎಂದು. ಫೆಬ್ರುವರಿ, ಆಗಸ್ಟ್‌ನಲ್ಲಿ ಕೊಡುವ ಜಂತುಹುಳದ ಮಾತ್ರೆಯೂ ಅಷ್ಟೇ: ಕೊಕ್ಕೆಹುಳ ಕರುಳಿನಲ್ಲಿ ಕೂತು ರಕ್ತ ಹೀರುತ್ತಿದ್ದರೆ ನಾನು ಎಷ್ಟು ತುಂಬಿಸಿದರೂ ತೂತು ಕೊಡವೇ.

ಎದ್ದು ಹೊರಡುವಾಗ, ಮನೆಯಲ್ಲಿ ಇನ್ನು ಯಾರಿದ್ದಾರೆ ಎಂದು ಕೇಳಿದೆ. ಹದಿನಾಲ್ಕರ ಮಗನಿದ್ದಾನಂತೆ. ಒಂದೇ ಸಮನೆ ಉದ್ದ ಬೆಳೆಯುತ್ತಿದ್ದಾನೆ, ಸಂಜೆ ಆಟಕ್ಕೂ ಹೋಗದೆ ಮಲಗುತ್ತಾನೆ.

"ಅವನನ್ನೂ ಕರ್ಕೊಂಡು ಬನ್ನಿ."

"ಅವನು ಗಂಡು ಹುಡುಗ ಅಲ್ವಾ ಮೇಡಂ?"

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ 59.1% ಮಂದಿಗೆ ರಕ್ತಹೀನತೆ, ಅದೇ ವಯಸ್ಸಿನ ಹುಡುಗರಲ್ಲಿ 31.1%. ನೂರಕ್ಕೆ ಮೂವತ್ತೊಂದು ಗಂಡು ಹುಡುಗರು, ಕಣಮ್ಮ, ಎಂದೆ. ಶನಿವಾರ ಸಂತೆಗೆ ಬರುವಾಗ ಕರೆದುಕೊಂಡು ಬರುತ್ತೇನೆ ಎಂದಿದ್ದಾರೆ.