ಮೂವರು ಡಾಕ್ಟರು ಮೂರು ಮಾತು ಹೇಳಿದಾಗ: ಹರ್ಪಿಸ್ ರಿಪೋರ್ಟ್ ಹಿಡಿದು ಬರುವವರಿಗೆ

ಹೋದ ವರ್ಷ ಮಳೆಗಾಲದಲ್ಲಿ ಒಬ್ಬ ಹುಡುಗ ನನ್ನ ಕ್ಲಿನಿಕ್ಕಿಗೆ ಬಂದಿದ್ದ. ವಯಸ್ಸು 27. ಬೆಂಗಳೂರಿನ ಪೀಣ್ಯದಲ್ಲಿ ಕೆಲಸ, ಊರು ಇಲ್ಲೇ ಹಾಸನದ ಹತ್ತಿರ. ಬಟ್ಟೆ ಅಂಗಡಿಯ ಕವರಿನಿಂದ ರಿಪೋರ್ಟುಗಳನ್ನು ತೆಗೆದು ತಾರೀಖಿನ ಪ್ರಕಾರ ಮೇಜಿನ ಮೇಲೆ ಜೋಡಿಸಿದ. ಒಟ್ಟು 11 ಇದ್ದವು. ಜನನಾಂಗದಲ್ಲಿ ಪದೇ ಪದೇ ಗುಳ್ಳೆ ಏಳುತ್ತಿತ್ತು. ಮೊದಲನೇ ಡಾಕ್ಟರು ಹರ್ಪಿಸ್, ಅಂದರೆ ವೈರಸ್ಸಿನಿಂದ ಬರುವ ಗುಳ್ಳೆ ರೋಗ ಅಂದಿದ್ದರು. ಎರಡನೆಯವರು ಫಂಗಸ್ ಅಂದಿದ್ದರು. ಮೂರನೆಯವರು ಏನೂ ಇಲ್ಲ, ಸುಮ್ನೆ ಮನಸ್ಸಿಗೆ ಹಚ್ಚಿಕೊಂಡಿದ್ದೀಯ ಅಂತ ವಾಪಸ್ ಕಳಿಸಿದ್ದರು. ಎಲ್ಲೂ ಸಮಾಧಾನ ಆಗದೆ ತಾನೇ ಲ್ಯಾಬಿನವರನ್ನು ರೂಮಿಗೆ ಕರೆಸಿ ಮತ್ತೆ ಮತ್ತೆ ರಕ್ತ ಕೊಟ್ಟಿದ್ದ. ಒಂದರಲ್ಲಿ ಐಜಿಎಂ (ಸೋಂಕಿನ ಗುರುತು ಅಂತ ರಕ್ತದಲ್ಲಿ ಹುಡುಕುವ ಒಂದು ಪ್ರತಿಕಾಯ) ಪಾಸಿಟಿವ್. ಮೂರು ವಾರ ಬಿಟ್ಟು ಇನ್ನೊಂದು ಲ್ಯಾಬಿನಲ್ಲಿ ನೆಗೆಟಿವ್. ಮತ್ತೊಂದರಲ್ಲಿ ಅದೂ ಅಲ್ಲ, ಇದೂ ಅಲ್ಲ, ನಡುವೆ. ಮದುವೆ ನಿಶ್ಚಯ ಆಗಿತ್ತು. ಏನೇನೋ ನೆಪ ಹೇಳಿ ಎರಡು ಸಲ ಮುಂದಕ್ಕೆ ಹಾಕಿಸಿದ್ದ.

"ಇದರಲ್ಲಿ ಯಾವುದು ನಿಜ ಅಂತ ಹೇಳಿ ಮೇಡಂ, ಅಷ್ಟು ಸಾಕು" ಅಂದ.

ರಿಪೋರ್ಟ್ ಆಮೇಲೆ ನೋಡೋಣ, ಪರದೆ ಹಿಂದೆ ಹೋಗಪ್ಪಾ, ಮೊದಲು ಪರೀಕ್ಷೆ ಮಾಡ್ತೀನಿ ಅಂದೆ. ಅವನು ಕೂತಲ್ಲೇ ಕೂತಿದ್ದ.

"ರಿಪೋರ್ಟ್ ಇದೆಯಲ್ಲ ಮೇಡಂ, ನೋಡಲೇಬೇಕಾ?"

ಈ ಒಂದು ಪ್ರಶ್ನೆಗಾಗಿಯೇ ಇದನ್ನು ಬರೆಯಲು ಕೂತಿದ್ದೇನೆ. ಚರ್ಮ ಮತ್ತು ಲೈಂಗಿಕ ರೋಗಗಳ ವೈದ್ಯೆಯಾಗಿ ನಾನು ವಾರಕ್ಕೆ ಒಂದೆರಡು ಸಲವಾದರೂ ಇದನ್ನು ಕೇಳುತ್ತೇನೆ. ರಕ್ತ ಕೊಡಬೇಕಾದರೆ ಶರ್ಟಿನ ತೋಳು ಮಡಿಸಿದರೆ ಆಯಿತು. ಗುಳ್ಳೆ ತೋರಿಸಬೇಕಾದರೆ ಬಟ್ಟೆ ಬಿಚ್ಚಬೇಕು. ಅದಕ್ಕೇ ಜನ ಸಾವಿರಾರು ರೂಪಾಯಿ ರಕ್ತ ಪರೀಕ್ಷೆಗೆ ಸುರಿಯುತ್ತಾರೆ, ಎರಡು ನಿಮಿಷ ಪರದೆ ಹಿಂದೆ ಹೋಗುವುದಿಲ್ಲ. ಎಲ್ಲಾ ತಪ್ಪನ್ನೂ ರೋಗಿಗಳ ಮೇಲೆ ಹಾಕಲಾರೆ. ನಮ್ಮಲ್ಲೂ ಎಷ್ಟೋ ಜನ ನೋಡದೆಯೇ ಚೀಟಿ ಬರೆಯುತ್ತಾರೆ. ಹೊರಗೆ ನಲವತ್ತು ಜನ ಕಾಯುತ್ತಿರುತ್ತಾರೆ, ಒಳಗೆ ರೋಗಿಗೆ ನಾಚಿಕೆ, ಡಾಕ್ಟರಿಗೂ ಮುಜುಗರ. ಹಾಗಾಗಿ ಇಬ್ಬರಿಗೂ ರಕ್ತ ಪರೀಕ್ಷೆಯೇ ಅನುಕೂಲ ಅನ್ನಿಸುತ್ತದೆ.

ಆದರೆ ಗುಳ್ಳೆ ಏನು ಅಂತ ರಕ್ತ ಹೇಳುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು, ಹಾಗಾಗಿ ನಿಧಾನವಾಗಿ ಬಿಡಿಸಿ ಹೇಳುತ್ತೇನೆ.

ಹರ್ಪಿಸ್ ಸಿಂಪ್ಲೆಕ್ಸ್ ವೈರಸ್‌ನಲ್ಲಿ ಎರಡು ಬಗೆ. ಟೈಪ್ 1 ಹೆಚ್ಚಾಗಿ ತುಟಿಯದು, ಜ್ವರ ಬಂದಾಗ ತುಟಿ ಅಂಚಿನಲ್ಲಿ ಏಳುತ್ತದಲ್ಲ, ಆ ಗುಳ್ಳೆ. ಟೈಪ್ 2 ಹೆಚ್ಚಾಗಿ ಕೆಳಗಿನದು. ಟೈಪ್ 1 ಕೆಳಗೂ ಬರಬಹುದು. ರಕ್ತದಲ್ಲಿ ಹುಡುಕುವ ಇನ್ನೊಂದು ಪ್ರತಿಕಾಯ ಐಜಿಜಿ ಅನ್ನುವುದು ವೈರಸ್ ಯಾವಾಗಲೋ ಒಮ್ಮೆ ದೇಹಕ್ಕೆ ಬಂದಿತ್ತು ಅನ್ನುವುದರ ಗುರುತು, ಅಷ್ಟೇ. ಯಾವಾಗ ಬಂತು, ಯಾರಿಂದ ಬಂತು, ತುಟಿಗೆ ಬಂತೋ ಕೆಳಗೆ ಬಂತೋ, ಇವತ್ತು ಉರಿಯುತ್ತಿರುವ ಗುಳ್ಳೆ ಅದರದ್ದೇನಾ, ಇವು ಯಾವುವೂ ಆ ರಿಪೋರ್ಟಿನಲ್ಲಿ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 50 ವರ್ಷದೊಳಗಿನವರಲ್ಲಿ ನೂರಕ್ಕೆ 64 ಜನರಿಗೆ, ಅಂದರೆ ಸುಮಾರು 380 ಕೋಟಿ ಜನಕ್ಕೆ ಟೈಪ್ 1 ಇದೆ. ಬಹಳಷ್ಟು ಜನರಿಗೆ ಅದು ಚಿಕ್ಕಂದಿನಲ್ಲೇ ಬಂದಿರುತ್ತದೆ, ಅಜ್ಜಿಯೋ ಅತ್ತೆಯೋ ಮುದ್ದು ಮಾಡಿದಾಗ. ಹೀಗಿರುವಾಗ ಟೈಪ್ 1 ಐಜಿಜಿ ಪಾಸಿಟಿವ್ ಅಂತ ಬಂದದ್ದನ್ನು ಹಿಡಿದು ಗಂಡನ ಮೇಲೆ ಅನುಮಾನ ಪಟ್ಟರೆ ಅದಕ್ಕೆ ಬುಡವೇ ಇಲ್ಲ.

ಇನ್ನು ಐಜಿಎಂ. ಇದು ಪಾಸಿಟಿವ್ ಆದರೆ ಸೋಂಕು ಹೊಸದು ಅಂತ ಎಲ್ಲರೂ ನಂಬಿದ್ದಾರೆ, ಲ್ಯಾಬಿನ ಹುಡುಗರೂ ಹಾಗೇ ಹೇಳಿ ಕಳಿಸುತ್ತಾರೆ. ಹರ್ಪಿಸ್ ವಿಷಯದಲ್ಲಿ ಅದು ಸರಿಯಲ್ಲ. ಹಳೆಯ ಹರ್ಪಿಸ್ ಮತ್ತೆ ಎದ್ದಾಗಲೂ ಐಜಿಎಂ ಪಾಸಿಟಿವ್ ಬರಬಹುದು. ಏನೂ ಇಲ್ಲದವರಲ್ಲೂ ಬರಬಹುದು. ಟೈಪ್ 1 ಯಾವುದು, ಟೈಪ್ 2 ಯಾವುದು ಅಂತಲೂ ಅದು ನೆಚ್ಚುವಂತೆ ಬೇರ್ಪಡಿಸುವುದಿಲ್ಲ. ಹರ್ಪಿಸ್ ಕಂಡುಹಿಡಿಯಲು ಐಜಿಎಂ ಮಾಡಿಸಬೇಡಿ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಸ್ಪಷ್ಟವಾಗಿ ಬರೆದಿದೆ. ಲಕ್ಷಣವೇ ಇಲ್ಲದವರಿಗೆ ರಕ್ತ ಪರೀಕ್ಷೆ ಮಾಡಿ ಹರ್ಪಿಸ್ ಹುಡುಕುವುದು ಬೇಡ ಅಂತ ಅಲ್ಲಿನ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ ಅನ್ನುವ ತಜ್ಞರ ಸಮಿತಿ 2016ರಲ್ಲಿ ಹೇಳಿತ್ತು, 2023ರಲ್ಲಿ ಮತ್ತೆ ಅದನ್ನೇ ಹೇಳಿದೆ. ಟೈಪ್ 2 ಐಜಿಜಿಯಲ್ಲೂ ಒಂದು ತೊಡಕಿದೆ. ಪಾಸಿಟಿವ್ ಪಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ ನೋಡಿ, ಇಂಡೆಕ್ಸ್ ಅಂತ. ಸಾಮಾನ್ಯವಾಗಿ ಬಳಸುವ ಪರೀಕ್ಷೆಗಳಲ್ಲಿ ಅದು 1.1 ದಾಟಿದರೆ ಪಾಸಿಟಿವ್ ಅಂತ ಅಚ್ಚಾಗುತ್ತದೆ. ಆದರೆ 3ರ ಒಳಗಿದ್ದರೆ ಅದು ಸುಳ್ಳು ಪಾಸಿಟಿವ್ ಆಗಿರುವ ಸಾಧ್ಯತೆ ಜಾಸ್ತಿ, ಬೇರೆ ವಿಧಾನದಲ್ಲಿ ಖಚಿತ ಮಾಡಿಕೊಳ್ಳದೆ ಅದನ್ನು ನಂಬಬಾರದು. ನಮ್ಮಲ್ಲಿ ಆ ಎರಡನೇ ವಿಧಾನ ಸುಲಭಕ್ಕೆ ಸಿಗುವುದಿಲ್ಲ. ಜನ ಆ ಸಂಖ್ಯೆ ನೋಡುವುದೇ ಇಲ್ಲ, ದಪ್ಪ ಅಕ್ಷರದ "ಪಾಸಿಟಿವ್" ನೋಡಿ ಕುಸಿದು ಕೂರುತ್ತಾರೆ.

ಹಾಗಂತ ರಕ್ತ ಪರೀಕ್ಷೆಗೆ ಬೆಲೆಯೇ ಇಲ್ಲ ಅನ್ನುತ್ತಿಲ್ಲ. ಗುಳ್ಳೆ ಪದೇ ಪದೇ ಬಂದು, ಅದರ ನೀರನ್ನು ಹತ್ತಿಕಡ್ಡಿಯಲ್ಲಿ ತೆಗೆದು ನೋಡುವ ಸ್ವಾಬ್‌ನಲ್ಲಿ ಏನೂ ಸಿಗದಿದ್ದಾಗ, ಅಥವಾ ಸಂಗಾತಿಗೆ ಹರ್ಪಿಸ್ ಇರುವುದು ಖಚಿತವಾದಾಗ, ಟೈಪ್ ಬೇರೆ ಮಾಡಿ ಹೇಳುವ ಐಜಿಜಿ ಉಪಯೋಗಕ್ಕೆ ಬರುತ್ತದೆ. ಅದೂ ಸಂಪರ್ಕ ಆಗಿ 12 ವಾರ ಕಳೆದ ಮೇಲೆ ಮಾಡಿಸಿದರೆ. ಅದಕ್ಕೆ ಮುಂಚೆ ಮಾಡಿಸಿದರೆ ನೆಗೆಟಿವ್ ಬಂದರೂ ಪೂರ್ತಿ ನಂಬುವಂತಿಲ್ಲ.

ಇದೇ ಗೋಳು ಟಾರ್ಚ್ (TORCH) ಟೆಸ್ಟಿನದು, ಅಂದರೆ ಗರ್ಭಕ್ಕೆ ತೊಂದರೆ ಕೊಡಬಹುದಾದ ಕೆಲವು ಸೋಂಕುಗಳನ್ನು ಒಟ್ಟಿಗೆ ಹುಡುಕುವ ರಕ್ತ ಪರೀಕ್ಷೆಯದು. ಗರ್ಭ ನಿಲ್ಲಲಿಲ್ಲ ಅಂದ ಕೂಡಲೇ ಹೆಣ್ಣುಮಗಳಿಗೆ ಟಾರ್ಚ್ ಬರೆದುಬಿಡುತ್ತಾರೆ. ಆ ಹೆಸರಿನ ಕೊನೆಯ ಇಂಗ್ಲಿಷ್ ಅಕ್ಷರ H ಹರ್ಪಿಸ್‌ಗೆ ಸೇರಿದ್ದು. ಹೆಚ್ಚಾಗಿ ಟೈಪ್ 1, ಟೈಪ್ 2 ಎರಡನ್ನೂ ಸೇರಿಸಿ ಒಂದೇ ಐಜಿಜಿ, ಒಂದೇ ಐಜಿಎಂ. ಬಹಳಷ್ಟು ಸಲ ಪಾಸಿಟಿವ್ ಬರುತ್ತದೆ, ತುಟಿಯ ಗುಳ್ಳೆಯ ವೈರಸ್ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಇರುವಾಗ ಬಾರದೆ ಏನು ಮಾಡುತ್ತದೆ? ಮಗು ಕಳೆದುಕೊಂಡ ದುಃಖದಲ್ಲಿರುವವಳು ಇನ್ನು "ಕೆಟ್ಟ ಕಾಯಿಲೆ" ಅನ್ನುವ ಮಾತನ್ನೂ ಹೊರಬೇಕು. ಅಂಥ ಮೂರು ನಾಲ್ಕು ಮನೆಗಳಲ್ಲಿ ಅತ್ತೆಯವರನ್ನೂ ಎದುರಿಗೆ ಕೂರಿಸಿಕೊಂಡು ವಿವರಿಸಿದ್ದೇನೆ. ಅತ್ತೆಯವರಿಗೂ ಐಜಿಜಿ ಮಾಡಿಸಿದರೆ ಪಾಸಿಟಿವ್ ಬರಬಹುದಮ್ಮ ಅಂದಾಗಲೇ ಅವರಿಗೆ ವಿಷಯ ಅರ್ಥ ಆಗುವುದು.

ಈಗ ಡಾಕ್ಟರುಗಳ ಮಾತು ಯಾಕೆ ಬೇರೆ ಬೇರೆ ಆಗುತ್ತದೆ ಅನ್ನುವುದಕ್ಕೆ ಬರುತ್ತೇನೆ. ಒಬ್ಬರು ಜಾಣರು, ಇನ್ನೊಬ್ಬರು ದಡ್ಡರು ಅಂತ ಅಲ್ಲ. ಹೆಚ್ಚಿನ ಸಲ ಅವರು ನೋಡಿದ ದಿನ ಬೇರೆ. ಹರ್ಪಿಸ್ ಗುಳ್ಳೆ ಮೊದಲ ದಿನ ನೀರು ತುಂಬಿದ ಸಣ್ಣ ಸಣ್ಣ ಮಣಿಗಳ ಗೊಂಚಲು. ಎರಡು ಮೂರು ದಿನಕ್ಕೆ ಒಡೆದು ಹಸಿ ಹುಣ್ಣು. ವಾರಕ್ಕೆ ಒಣಗಿ ಹೊಪ್ಪಳೆ. ಆಮೇಲೆ ಏನೂ ಇಲ್ಲ. ನಡುವೆ ಮೆಡಿಕಲ್ ಶಾಪಿನಲ್ಲಿ ಕೊಟ್ಟ ಟ್ಯೂಬ್ ಹಚ್ಚಿದರಂತೂ ಮುಗಿಯಿತು. ಅದರಲ್ಲಿ ಸ್ಟಿರಾಯ್ಡ್, ಆ್ಯಂಟಿಬಯೋಟಿಕ್, ಫಂಗಸ್ ಔಷಧಿ ಮೂರೂ ಸೇರಿರುತ್ತವೆ, ಯಾವ ರೋಗವೂ ತನ್ನ ರೂಪದಲ್ಲಿ ಉಳಿಯುವುದಿಲ್ಲ. ಶುಗರ್ ಇರುವವರಿಗೆ ಫಂಗಸ್‌ನಿಂದಲೂ ಚರ್ಮ ಬಿರುಕು ಬಿಟ್ಟು ಹುಣ್ಣಿನ ಹಾಗೆ ಕಾಣುತ್ತದೆ. ಸಿಫಿಲಿಸ್ ಅನ್ನುವ ಇನ್ನೊಂದು ಲೈಂಗಿಕ ರೋಗದ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ ಅಂತ ಪುಸ್ತಕದಲ್ಲಿದೆ, ನೋವಿರುವ ಸಿಫಿಲಿಸ್ ಹುಣ್ಣನ್ನೂ ನಾನು ನೋಡಿದ್ದೇನೆ.

ಸರ್ಕಾರಿ ಆಸ್ಪತ್ರೆಗಳಲ್ಲಿ ಲೈಂಗಿಕ ರೋಗಗಳಿಗೆಂದೇ ಇರುವ ಸುರಕ್ಷಾ ಕ್ಲಿನಿಕ್‌ನಲ್ಲಿ ಬಣ್ಣದ ಔಷಧಿ ಕಿಟ್ ಕೊಡುತ್ತಾರೆ. ಹರ್ಪಿಸ್ ಥರ ಕಂಡ ಹುಣ್ಣಿಗೆ ಕೆಂಪು, ಬೇರೆ ಹುಣ್ಣಿಗೆ ಬಿಳಿ, ಪೆನಿಸಿಲಿನ್ ಆಗದವರಿಗೆ ನೀಲಿ. ಒಂದು ಕಡೆ ಕೆಂಪು ಕೊಟ್ಟರು, ಇನ್ನೊಂದು ಕಡೆ ಬಿಳಿ ಕೊಟ್ಟರು, ಯಾರನ್ನು ನಂಬಲಿ ಅಂತ ಒಬ್ಬರು ಕೇಳಿದ್ದರು. ಇಬ್ಬರನ್ನೂ ನಂಬಬಹುದು. ಅಲ್ಲಿ ಆ ದಿನ ಕಣ್ಣಿಗೆ ಕಂಡ ಲಕ್ಷಣದ ಮೇಲೆ ಕೂಡಲೇ ಚಿಕಿತ್ಸೆ ಕೊಡುವುದೇ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯಾದ ನ್ಯಾಕೋದ ಕ್ರಮ. ರಿಪೋರ್ಟ್ ಬರಲಿ ಅಂತ ಕಳಿಸಿದರೆ ಎಷ್ಟೋ ಜನ ತಿರುಗಿ ಬರುವುದೇ ಇಲ್ಲ, ಅದಕ್ಕೆ.

ಆ ಹುಡುಗ ಕೊನೆಗೂ ಪರದೆ ಹಿಂದೆ ಹೋದ. ಗುಳ್ಳೆ ಇರಲಿಲ್ಲ. ಶಿಶ್ನದ ತುದಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಅಗಲದ, ಅಂಚು ಸ್ಪಷ್ಟವಾಗಿದ್ದ, ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣದ ಒಂದು ಕಲೆ ಇತ್ತು. ಪ್ರತಿ ಸಲ ಇದೇ ಜಾಗದಲ್ಲಾ? ಹೌದು ಮೇಡಂ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಬರುವ ಮುಂಚೆ ಏನಾದರೂ ಮಾತ್ರೆ ತಗೊಂಡಿದ್ದೆಯಾ? ಇಲ್ಲ ಅಂದ. ತಲೆನೋವಿಗೆ? ಇಲ್ಲ. ಭೇದಿಗೆ? ಸ್ವಲ್ಪ ಹೊತ್ತು ಸುಮ್ಮನಿದ್ದ. ಮೆಸ್ ಊಟದಿಂದ ಎರಡು ಮೂರು ತಿಂಗಳಿಗೊಮ್ಮೆ ಹೊಟ್ಟೆ ಕೆಡುತ್ತಿತ್ತು, ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗುತ್ತಿದ್ದ. ಟಿನಿಡಜೋಲ್ ಇರುವ ಮಾತ್ರೆ.

ಇದಕ್ಕೆ ಫಿಕ್ಸೆಡ್ ಡ್ರಗ್ ಎರಪ್ಷನ್ ಅನ್ನುತ್ತೇವೆ. ಒಂದು ಔಷಧಿಗೆ ದೇಹದ ಒಂದೇ ಜಾಗ ಪ್ರತಿ ಸಲ ಸಿಟ್ಟಾಗುವ ಅಲರ್ಜಿ. ಟಿನಿಡಜೋಲ್, ನಾರ್‌ಫ್ಲಾಕ್ಸಾಸಿನ್, ಕೋಟ್ರೈಮಾಕ್ಸಜೋಲ್, ನೋವಿನ ಮಾತ್ರೆಗಳು, ಕೆಲವೊಮ್ಮೆ ಪ್ಯಾರಾಸಿಟಮಾಲ್ ಕೂಡ. ಮಾತ್ರೆ ನುಂಗಿದ ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನದಲ್ಲಿ ಉರಿ, ಗುಳ್ಳೆ, ಹುಣ್ಣು. ಒಣಗಿದ ಮೇಲೆ ಕಪ್ಪು ಕಲೆ. ಪದೇ ಪದೇ ಬರುವುದರಿಂದ ಹರ್ಪಿಸ್ ಅನ್ನಿಸುವುದು ಸಹಜ. ಮೊದಲನೇ ಡಾಕ್ಟರು ಗುಳ್ಳೆ ನೋಡಿದ್ದರು. ಎರಡನೆಯವರು ಬಿಳಿ ಪೌಡರ್ ಮೆತ್ತಿದ ಹಸಿ ಹುಣ್ಣು ನೋಡಿದ್ದರು. ಮೂರನೆಯವರು ನೋಡುವ ಹೊತ್ತಿಗೆ ಬರೀ ಕಲೆ ಇತ್ತು. ಮೂವರೂ ಅವತ್ತು ಕಂಡದ್ದನ್ನೇ ಹೇಳಿದ್ದರು.

ಆದರೂ ನಾನು ಅವತ್ತೇ ಹರ್ಪಿಸ್ ಅಲ್ಲವೇ ಅಲ್ಲ ಅಂತ ಬರೆದುಕೊಡಲಿಲ್ಲ. ಎರಡೂ ಒಟ್ಟಿಗೆ ಇರಬಾರದು ಅಂತೇನಿಲ್ಲ. ಸಿಫಿಲಿಸ್ ಹುಡುಕುವ ವಿಡಿಆರ್‌ಎಲ್, ಜೊತೆಗೆ ಎಚ್‌ಐವಿ ಮಾಡಿಸಿದೆ, ಎರಡೂ ನೆಗೆಟಿವ್. ಆ ಮಾತ್ರೆ ಮುಟ್ಟಬೇಡ, ಮತ್ತೆ ಏನಾದರೂ ಎದ್ದರೆ ಏನೂ ಹಚ್ಚದೆ ಅವತ್ತೇ ಬಾ ಅಂದೆ. ಎರಡು ತಿಂಗಳಿಗೆ ಫೋನ್ ಬಂತು. ಜೊತೆಯವನು ಕೊಟ್ಟ ಭೇದಿ ಮಾತ್ರೆ ನುಂಗಿದ್ದಾನೆ. ಹೆಸರು ಬೇರೆ, ಒಳಗಿನ ಔಷಧಿ ಅದೇ. ರಾತ್ರಿಯೇ ಉರಿ ಶುರು. ಬೆಳಗಿನ ಮೊದಲ ಬಸ್ಸಿಗೆ ಹೊರಟು ಹತ್ತು ಗಂಟೆಗೆ ನನ್ನ ಎದುರಿಗಿದ್ದ. ಗುಳ್ಳೆ ಇನ್ನೂ ಒಡೆದಿರಲಿಲ್ಲ. ಸ್ವಾಬ್ ತೆಗೆದು, ವೈರಸ್ ಇದೆಯಾ ಅಂತ ಹುಡುಕುವ ಪಿಸಿಆರ್‌ಗೆ ಕಳಿಸಿದೆ. ಎರಡೂ ಟೈಪ್ ನೆಗೆಟಿವ್. ಹನ್ನೊಂದು ರಿಪೋರ್ಟು ಹೇಳದ್ದನ್ನು ಹನ್ನೆರಡನೆಯದು ಹೇಳಿತು, ಸರಿಯಾದ ದಿನ ಸರಿಯಾದ ಜಾಗದಿಂದ ತೆಗೆದದ್ದರಿಂದ. ಔಷಧಿಯ ಹೆಸರನ್ನು ಕೆಂಪು ಇಂಕಿನಲ್ಲಿ ಒಂದು ಕಾರ್ಡಿನಲ್ಲಿ ಬರೆದುಕೊಟ್ಟೆ, ಪರ್ಸಿನಲ್ಲಿ ಇಟ್ಟುಕೊಂಡಿದ್ದಾನೆ.

ಇನ್ನೊಂದು ಗೊಂದಲ ಹೆಸರಿನದು. ಅರಸೀಕೆರೆ ಕಡೆಯ ಒಬ್ಬ ಅಮ್ಮ, ವಯಸ್ಸು ಅರವತ್ತರ ಹತ್ತಿರ. ಪೃಷ್ಠದ ಎಡಗಡೆ ಮಾತ್ರ ಗುಳ್ಳೆಗಳ ಪಟ್ಟಿ, ಅದಕ್ಕೆ ಮುಂಚೆ ನಾಲ್ಕು ದಿನ ಸುಡುವ ನೋವು. ಊರಿನಲ್ಲಿ ಸರ್ಪಸುತ್ತು ಅಂತ ಗುರುತು ಹಿಡಿದು ಕೆಮ್ಮಣ್ಣು ಹಚ್ಚಿದ್ದರು. ಗುರುತು ಸರಿಯಾಗಿಯೇ ಇತ್ತು. ಆದರೆ ಕ್ಲಿನಿಕ್ಕಿನ ಚೀಟಿಯಲ್ಲಿ ಬರೀ "ಹರ್ಪಿಸ್" ಅಂತ ಇತ್ತು, ಜೋಸ್ಟರ್ ಅನ್ನುವ ಎರಡನೇ ಪದ ಬಿಟ್ಟುಹೋಗಿತ್ತು. ಮಗಳು ಮೊಬೈಲಿನಲ್ಲಿ ಹುಡುಕಿದಳು. ತಾಯಿಗೆ ತಟ್ಟೆ ಬೇರೆ, ಹಾಸಿಗೆ ಬೇರೆ. ಅಮ್ಮ ನನ್ನ ಎದುರಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಸರ್ಪಸುತ್ತು ಬೇರೆ ವೈರಸ್, ಚಿಕ್ಕಂದಿನಲ್ಲಿ ಅಮ್ಮ, ಅಂದರೆ ಚಿಕನ್ ಪಾಕ್ಸ್ ಆಗಿತ್ತಲ್ಲ, ಅದೇ ನರದಲ್ಲಿ ಮಲಗಿದ್ದು ಈಗ ಎದ್ದಿದೆ, ಲೈಂಗಿಕ ಸಂಬಂಧಕ್ಕೂ ಇದಕ್ಕೂ ಸಂಬಂಧವಿಲ್ಲ ಅಂತ ಮಗಳಿಗೆ ಹೇಳಿದೆ. ಹೊಪ್ಪಳೆ ಕಟ್ಟುವವರೆಗೆ ಜಾಗ ಮುಚ್ಚಿಟ್ಟು, ಹಸುಗೂಸನ್ನು ಎತ್ತಿಕೊಳ್ಳದಿದ್ದರೆ ಒಳ್ಳೆಯದು, ಮಗುವಿಗೆ ಚಿಕನ್ ಪಾಕ್ಸ್ ಆಗಬಹುದು ಅನ್ನುವ ಕಾರಣಕ್ಕೆ ಮಾತ್ರ. ನಿಮ್ಮ ಚೀಟಿಯಲ್ಲಿ ಹರ್ಪಿಸ್ ಅಂತ ಇದ್ದರೆ ಯಾವ ಹರ್ಪಿಸ್ ಅಂತ ಕೇಳಿಕೊಳ್ಳಿ.

ಹಾಗಾದರೆ ಇಬ್ಬರು ಎರಡು ಮಾತು ಹೇಳಿದಾಗ ಏನು ಮಾಡಬೇಕು? ಮೂರನೆಯವರ ಹತ್ತಿರ ಓಡುವ ಮುಂಚೆ, ಮೊದಲ ಇಬ್ಬರು ಯಾವುದರ ಮೇಲೆ ಹೇಳಿದರು ಅಂತ ನೆನಪು ಮಾಡಿಕೊಳ್ಳಿ. ಕಣ್ಣಾರೆ ನೋಡಿದ್ದರಾ? ಎಷ್ಟನೇ ದಿನ? ಸ್ವಾಬ್ ತೆಗೆದಿದ್ದರಾ, ಬರೀ ರಕ್ತವಾ? ಈಗ ಗುಳ್ಳೆ ಇಲ್ಲದಿದ್ದರೆ ಹೊಸ ಟೆಸ್ಟ್ ಮಾಡಿಸಲು ಅವಸರ ಬೇಡ. ಮತ್ತೆ ಎದ್ದ ದಿನ ಬೆಳಕಿನಲ್ಲಿ ಒಂದು ಫೋಟೋ ತೆಗೆದಿಡಿ, ಹಿಂದಿನ ಎರಡು ದಿನ ನುಂಗಿದ ಮಾತ್ರೆಗಳ ಸ್ಟ್ರಿಪ್ ಜೊತೆಗಿಟ್ಟುಕೊಳ್ಳಿ, ಏನೂ ಹಚ್ಚಬೇಡಿ, ಒಂದೆರಡು ದಿನದೊಳಗೆ ಹೋಗಿ ಸ್ವಾಬ್ ಪಿಸಿಆರ್ ಕೇಳಿ. ದುಬಾರಿ ಅನ್ನಿಸಿದರೆ ಮೆಡಿಕಲ್ ಕಾಲೇಜಿನ ಚರ್ಮ ವಿಭಾಗದಲ್ಲಿ ಜಾಂಕ್ ಸ್ಮಿಯರ್ ಮಾಡುತ್ತಾರೆ, ಗುಳ್ಳೆಯ ತಳ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಅದು ಟೈಪ್ ಹೇಳುವುದಿಲ್ಲ, ಸರ್ಪಸುತ್ತಿಗೂ ಇದಕ್ಕೂ ಬೇರೆ ಮಾಡುವುದಿಲ್ಲ, ಆದರೂ ಈ ಗುಂಪಿನ ವೈರಸ್ ಹೌದಾ ಅನ್ನುವ ಸುಳಿವು ಸಿಗುತ್ತದೆ. ಹೊಪ್ಪಳೆ ಕಟ್ಟಿದ ಮೇಲೆ ತೆಗೆದ ಸ್ವಾಬ್ ನೆಗೆಟಿವ್ ಬಂದರೆ ಅದನ್ನು ಪೂರ್ತಿ ನಂಬಬೇಡಿ. ಗೊತ್ತಾಗುವವರೆಗೆ ಸಂಪರ್ಕ ಬೇಡ.

ನಿಜವಾಗಿ ಹರ್ಪಿಸ್ ಅಂತ ಬಂದರೂ ಎದೆಗುಂದಬೇಡಿ. ಪ್ರಪಂಚದಲ್ಲಿ 15ರಿಂದ 49 ವಯಸ್ಸಿನವರಲ್ಲಿ ಸುಮಾರು 52 ಕೋಟಿ ಜನರಿಗೆ ಟೈಪ್ 2 ಇದೆ. ಅಸೈಕ್ಲೋವಿರ್ ಅನ್ನುವ ಔಷಧಿ ಗುಳ್ಳೆಯನ್ನು ಹತೋಟಿಗೆ ತರುತ್ತದೆ, ಬೇರು ಸಮೇತ ತೆಗೆಯುವುದಿಲ್ಲ. ವರ್ಷ ಕಳೆದಂತೆ ಏಳುವುದು ಕಡಿಮೆ ಆಗುತ್ತದೆ. ಕಾಂಡೋಮ್ ಹರಡುವುದನ್ನು ತಗ್ಗಿಸುತ್ತದೆ, ಪೂರ್ತಿ ತಡೆಯುವುದಿಲ್ಲ. ಮದುವೆಯಾಗಬಹುದು, ಮಕ್ಕಳಾಗಬಹುದು. ಒಂದು ಮಾತ್ರ ಮರೆಯಬೇಡಿ: ಗರ್ಭಿಣಿಗೆ ಕೊನೆಯ ತಿಂಗಳುಗಳಲ್ಲಿ ಮೊದಲ ಸಲ ಇಂಥ ಗುಳ್ಳೆ ಎದ್ದರೆ, ನಾಚಿಕೆ ಪಡದೆ ಅವತ್ತೇ ಹೆರಿಗೆ ಡಾಕ್ಟರಿಗೆ ತೋರಿಸಬೇಕು. ಮಗುವಿಗೆ ಅಪಾಯ ಹೆಚ್ಚು ಇರುವುದು ಆಗಲೇ.

ಖಾಸಗಿ ಕ್ಲಿನಿಕ್ಕಿಗೆ ಹೋಗಲು ಹಿಂಜರಿಕೆ ಇದ್ದರೆ ಜಿಲ್ಲಾ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ನಲ್ಲಿ ಪರೀಕ್ಷೆ, ಔಷಧಿ ಉಚಿತ. 1097ಕ್ಕೆ ಫೋನ್ ಮಾಡಿದರೆ ಹತ್ತಿರದ್ದು ಎಲ್ಲಿದೆ ಅಂತ ಹೇಳುತ್ತಾರೆ, ಆ ಕರೆಗೂ ದುಡ್ಡಿಲ್ಲ. ಹೆಂಗಸರ ಹತ್ತಿರ ಹೇಗೆ ತೋರಿಸಲಿ ಅಂತ ನನ್ನ ಬಾಗಿಲವರೆಗೆ ಬಂದು ತಿರುಗಿ ಹೋಗುವ ಗಂಡಸರೂ ಇದ್ದಾರೆ. ಅಂಥವರು ಹೊರಗಿರುವ ನರ್ಸ್ ಹತ್ತಿರ ಒಂದು ಮಾತು ಹೇಳಿದರೆ ಸಾಕು, ಪಕ್ಕದ ಬೀದಿಯ ಗಂಡು ಡಾಕ್ಟರಿಗೆ ನಾನೇ ಚೀಟಿ ಬರೆದುಕೊಡುತ್ತೇನೆ. ಯಾರಿಗಾದರೂ ಸರಿ, ಗುಳ್ಳೆ ಇರುವಾಗಲೇ ತೋರಿಸಿ.