ಸ್ಫೋಟಕಕ್ಕೆ ಕತ್ತರಿ ಹಾಕುವ ಮುನ್ನ

ಖರ್ಚು ಇಳಿಸಿ ಎಂದು ಮೇಲಿನಿಂದ ಸೂಚನೆ ಬಂದರೆ ತೆರೆದ ಚಿನ್ನದ ಗಣಿಯಲ್ಲಿ ಮೊದಲು ಕತ್ತರಿ ಬೀಳುವುದು ಸ್ಫೋಟಕಕ್ಕೆ. ಮದ್ದು ತುಂಬಲು ಬಂಡೆಯಲ್ಲಿ ಕೊರೆಯುವ ಕುಳಿಗಳ ಅಂತರ ಹಿಗ್ಗಿಸಿ, ಮದ್ದು ಕಡಿಮೆ ತುಂಬಿದರೆ ತಿಂಗಳ ವರದಿ ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಒಡೆಯದೆ ಉಳಿದ ಬಂಡೆಗಳಿಗೆ ರಾಕ್ ಬ್ರೇಕರ್ ಬೇಕು, ಕಲ್ಲು ಎತ್ತಿ ತುಂಬುವ ಶಾವಲ್ ಯಂತ್ರ ತಡವರಿಸುತ್ತದೆ, ಕ್ರಷರ್ ಬಾಯಿ ಕಟ್ಟುತ್ತದೆ. ಆ ಖರ್ಚು ಬೇರೆ ವಿಭಾಗದ ಲೆಕ್ಕಕ್ಕೆ ಹೋಗುವುದರಿಂದ ಬ್ಲಾಸ್ಟಿಂಗ್ ವಿಭಾಗದವರಿಗೆ ಶಹಬ್ಬಾಸ್‌ಗಿರಿಯೂ ಸಿಕ್ಕಿಬಿಡುತ್ತದೆ!

ಅಂತರ ಹಿಗ್ಗಿಸಲೇಬಾರದು ಎಂದಲ್ಲ. ಅದಿರಿಲ್ಲದ ಕಲ್ಲು ಲಾರಿಗೆ ಹತ್ತುವಷ್ಟು ಒಡೆದರೆ ಸಾಕು, ಅದು ಕ್ರಷರ್ ಕಾಣುವುದೇ ಇಲ್ಲ. 10 ಮೀಟರ್ ಎತ್ತರದ ಬೆಂಚಿನಲ್ಲಿ, ಅಂದರೆ ಗಣಿಯ ಮೆಟ್ಟಿಲಿನಲ್ಲಿ, ಸಾಲುಗಳ ನಡುವೆ 4, ಸಾಲಿನ ಕುಳಿಗಳ ನಡುವೆ 4.5 ಮೀಟರ್ ಅಂತರವಿದ್ದರೆ ಕುಳಿಯೊಂದರ ಪಾಲಿಗೆ 180 ಘನ ಮೀಟರ್ ಕಲ್ಲು ಬರುತ್ತದೆ. ಅದನ್ನು 4.4 ಮತ್ತು 5 ಮೀಟರ್ ಮಾಡಿದರೆ 220. ಅಂದರೆ ಅಷ್ಟೇ ಕಲ್ಲಿಗೆ ಶೇ 18ರಷ್ಟು ಕಡಿಮೆ ಕುಳಿ. ಅದಿರಿನ ಭಾಗದಲ್ಲಿ ಮಾತ್ರ ಈ ಕೈಚಳಕ ಬೇಡ. ಅಲ್ಲಿ ಮದ್ದು ಮಾಡದೆ ಬಿಟ್ಟ ಕೆಲಸವನ್ನು ಅದಿರು ಅರೆಯುವ ಗಿರಣಿ ವಿದ್ಯುತ್ ಸುಟ್ಟು ಮಾಡಬೇಕಾಗುತ್ತದೆ.

ನನ್ನ ಮಟ್ಟಿಗೆ ಹಣ ಹೆಚ್ಚು ಸೋರುವುದು ನೀರಿನಲ್ಲಿ. ಅಮೋನಿಯಂ ನೈಟ್ರೇಟ್ 94 ಪಾಲು, ಡೀಸೆಲ್ 6 ಪಾಲು ಸೇರಿದ ಆನ್ಫೋ ಅಗ್ಗದ ಸ್ಫೋಟಕ, ಆದರೆ ನೀರು ತಾಗಿದರೆ ಕೆಡುತ್ತದೆ. ನೀರಿದ್ದರೂ ಕೆಡದ ಎಮಲ್ಷನ್ ಸ್ಫೋಟಕ ದುಬಾರಿ. ಮೂಲೆಯ ನಾಲ್ಕು ಕುಳಿ ಒದ್ದೆಯೆಂದು ಇಡೀ ಬೆಂಚಿಗೆ ಎಮಲ್ಷನ್ ಸುರಿಯುವುದು ಸಾಮಾನ್ಯ. ತೂಕ ಕಟ್ಟಿದ ಟೇಪನ್ನು ಪ್ರತಿ ಕುಳಿಗೂ ಇಳಿಸಿ. ಆಳದ ಅಂಕಿ ನೋಡಿ, ಮೇಲೆತ್ತಿದಾಗ ಎಷ್ಟುದ್ದ ತೊಯ್ದಿದೆಯೆಂದು ನೋಡಿ, ಬರೆದಿಡಿ. ಪಂಪ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಳೆಯಿರಿ. ನೀರು ವಾಪಸ್ ಬರದಿದ್ದರೆ ಪ್ಲಾಸ್ಟಿಕ್ ಲೈನರ್ ಇಳಿಸಿ ಆನ್ಫೋ ತುಂಬಬಹುದು. ಬಂದರೆ ಎಮಲ್ಷನ್ನೇ ಗತಿ. ಇಷ್ಟು ನೋಡದೆ ತುಂಬಿದವರ ಸ್ಫೋಟದಲ್ಲಿ ಕಿತ್ತಳೆ ಹೊಗೆ ಏಳುತ್ತದೆ. ಅದು ವಿಷ, ಮದ್ದು ಸರಿಯಾಗಿ ಸಿಡಿದಿಲ್ಲ ಎಂಬುದರ ಗುರುತೂ ಹೌದು.

ಕುಳಿಯ ಬಾಯಿ ಮುಚ್ಚಲು ಕೊರೆದ ಪುಡಿಯನ್ನೇ ತಳ್ಳುವ ರೂಢಿಯನ್ನೂ ಬಿಡಬೇಕು. ಕುಳಿಯ ವ್ಯಾಸದ ಹತ್ತನೇ ಒಂದರಷ್ಟು ಗಾತ್ರದ, ಚೂಪು ಅಂಚಿನ ಜಲ್ಲಿ ಒಂದಕ್ಕೊಂದು ಸಿಕ್ಕಿಕೊಂಡು ಅನಿಲವನ್ನು ಒಳಗೇ ಹಿಡಿಯುತ್ತದೆ. ಪುಡಿ ಮೇಲಕ್ಕೆ ಹಾರಿಹೋಗುತ್ತದೆ, ಅದರ ಜತೆ ಶಕ್ತಿಯೂ.

ಚಿನ್ನದ ಗಣಿಗೆ ಇನ್ನೊಂದು ಚಿಂತೆಯಿದೆ. ಸ್ಫೋಟದಲ್ಲಿ ಬಂಡೆ ಮೀಟರುಗಟ್ಟಲೆ ಜರುಗುತ್ತದೆ. ಸ್ಫೋಟಕ್ಕೆ ಮುಂಚೆ ಎಳೆದ ಅದಿರಿನ ಗೆರೆಯನ್ನೇ ನಂಬಿ ಅಗೆದರೆ ಒಂದಷ್ಟು ಅದಿರು ಕಸದ ರಾಶಿಗೆ, ಒಂದಷ್ಟು ಕಸ, ಅಂದರೆ ಅದಿರಿಲ್ಲದ ಕಲ್ಲು, ಗಿರಣಿಗೆ. ಎರಡೂ ಕಣ್ಣಿಗೆ ಒಂದೇ ಬೂದು ಕಲ್ಲು, ಲಾರಿ ಚಾಲಕನಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಪ್ರತಿ ಕುಳಿ ಸಿಡಿಯುವ ಹೊತ್ತನ್ನು ನಿಖರವಾಗಿ ಹೊಂದಿಸಬಲ್ಲ ದುಬಾರಿ ಎಲೆಕ್ಟ್ರಾನಿಕ್ ಡಿಟೊನೇಟರ್ ಕೊಳ್ಳಲು ದುಡ್ಡು ಇರುವುದು ಸ್ವಲ್ಪವೇ ಆದರೆ, ಅದಿರಿನ ಅಂಚಿನಲ್ಲಿ ಖರ್ಚು ಮಾಡಿ. ಸಿಡಿಯುವ ಕ್ರಮವನ್ನು ಹತೋಟಿಯಲ್ಲಿಟ್ಟು, ಬಂಡೆ ಅಂಚಿನ ಉದ್ದಕ್ಕೇ ಸರಿಯುವಂತೆ ಮಾಡಬಹುದು. ಅಡ್ಡ ಸರಿದರೆ ಅದಿರು, ಕಸ ಎರಡೂ ಬೆರೆತುಹೋಗುತ್ತವೆ.