ಪದ ಪರಿಚಯ: ಫೆಡರಲ್ ಡಿಸ್ಟ್ರಿಕ್ಟ್ ಕೋರ್ಟ್

ಅಮೆರಿಕದ ಸುದ್ದಿಯಲ್ಲಿ 'ಮ್ಯಾನ್‌ಹಟನ್ ಫೆಡರಲ್ ಕೋರ್ಟ್' (ಫೆಡರಲ್ ಅಂದರೆ ಕೇಂದ್ರದ) ಅಂತ ಕಂಡರೆ ಅದು ನಮ್ಮ ಹೈಕೋರ್ಟಿನಂಥದ್ದು ಅಂದುಕೊಳ್ಳಬೇಡಿ. ಅದು ಕೆಳಹಂತದ ಕೋರ್ಟು. ಸಾಕ್ಷಿ ಹೇಳುವುದು, ಪಾಟೀಸವಾಲು ಎಲ್ಲಾ ಅಲ್ಲೇ. ನಮ್ಮಲ್ಲಿ ರಾಜ್ಯದ ಕಾನೂನಿನ ಕೇಸಾಗಲಿ ಕೇಂದ್ರದ್ದಾಗಲಿ, ಹೆಚ್ಚಾಗಿ ಅದೇ ಜಿಲ್ಲಾ ಕೋರ್ಟಿಗೆ ಹೋಗುತ್ತದೆ. ಅಲ್ಲಿ ಎರಡಕ್ಕೂ ಬೇರೆ ಬೇರೆ ಕೋರ್ಟು. ಡೈವೋರ್ಸು, ಸಾಮಾನ್ಯವಾಗಿ ಕೊಲೆ ಕೇಸು ಕೂಡ, ರಾಜ್ಯದ ಕೋರ್ಟಿಗೆ. ಪೇಟೆಂಟ್, ದಿವಾಳಿ, ಷೇರುಪೇಟೆ ವಂಚನೆಯಂಥವು ಫೆಡರಲ್ ಕೋರ್ಟಿಗೆ. ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕಿನ ಗುಟ್ಟು ಹೊರಗೆ ಹೇಳಿದ್ದಕ್ಕೆ ಅದರ ಮಾಜಿ ನಿರ್ದೇಶಕ ರಜತ್ ಗುಪ್ತಾ 2012ರಲ್ಲಿ ತಪ್ಪಿತಸ್ಥರಾದದ್ದು ಇದೇ ಮ್ಯಾನ್‌ಹಟನ್ ಕೋರ್ಟಿನಲ್ಲಿ.

ದೇಶದಲ್ಲಿ ಇಂಥ ಕೋರ್ಟಿರುವ 94 ಡಿಸ್ಟ್ರಿಕ್ಟ್‌ಗಳಿವೆ. ನ್ಯೂಯಾರ್ಕಿನ ಈ ಮ್ಯಾನ್‌ಹಟನ್ ಕೋರ್ಟಿಗೆ ಸ್ವಲ್ಪ ಜಾಸ್ತಿ ಜಂಬ, ಅದಕ್ಕೆ ಕಾರಣವೂ ಇದೆ. 1789ರ ನವೆಂಬರ್ 3ರಂದು ಜಡ್ಜ್ ಜೇಮ್ಸ್ ಡುಯೇನ್ ಕಲಾಪ ಶುರು ಮಾಡಿದಾಗ ಸುಪ್ರೀಂ ಕೋರ್ಟ್ ಇನ್ನೂ ಒಂದು ದಿನವೂ ಕೂತಿರಲಿಲ್ಲ! ಅದು ಸೇರಿದ್ದು 1790ರ ಫೆಬ್ರುವರಿಯಲ್ಲಿ. ಹಾಗಾಗಿ ವಕೀಲರು ಇದನ್ನು 'ತಾಯಿ ಕೋರ್ಟು' ಅನ್ನುತ್ತಾರೆ. ಅಮೆರಿಕದ ಮೊದಲ ಕಪ್ಪು ಮಹಿಳಾ ಫೆಡರಲ್ ಜಡ್ಜ್ ಕಾನ್ಸ್ಟನ್ಸ್ ಬೇಕರ್ ಮಾಟ್ಲಿ 1966ರಲ್ಲಿ ಪೀಠ ಏರಿದ್ದೂ ಇಲ್ಲೇ.

ಜನರಿಗೆ ಈ ಕೋರ್ಟಿನಿಂದ ಏನು ಉಪಯೋಗ? ವಕೀಲರನ್ನಿಡಲು ದುಡ್ಡಿಲ್ಲದವರು ತಾವೇ ದಾವೆ ಹೂಡಬಹುದು, ಅದಕ್ಕೆ ನೆರವಾಗಲು ಸಿಬ್ಬಂದಿ ಇದ್ದಾರೆ; ಆದರೆ ಅವರು ಫಾರಂ ಕೊಡುತ್ತಾರೆ, ವಿಧಾನ ಹೇಳುತ್ತಾರೆ, ಕೇಸು ಗೆಲ್ಲೋದು ಹೇಗೆ ಅಂತ ಸಲಹೆ ಕೊಡುವುದಿಲ್ಲ. ಪೌರತ್ವದ ಪ್ರಮಾಣವಚನವನ್ನೂ ಇಂಥ ಕೋರ್ಟುಗಳಲ್ಲಿ ಬೋಧಿಸುತ್ತಾರೆ. ಅಲ್ಲಿ ನೆಲೆಸಿರುವ ಎಷ್ಟೋ ಕನ್ನಡಿಗರು ಈ ಬಾಗಿಲು ಮೊದಲು ನೋಡಿದ್ದು ಅದಕ್ಕೇ ಇರಬೇಕು. ಪೌರತ್ವ ಬಂತಾ, ಮುಂದೊಂದು ದಿನ ಜ್ಯೂರಿಗೆ, ಅಂದರೆ ಕೇಸು ಕೇಳಿ ತೀರ್ಮಾನ ಹೇಳುವ ಜನಸಾಮಾನ್ಯರ ತಂಡಕ್ಕೆ, ಕರೆ ಬರಬಹುದು. ದಿನಕ್ಕೆ 50 ಡಾಲರ್ ಕೊಡುತ್ತಾರೆ. ನ್ಯೂಯಾರ್ಕಿನಲ್ಲಿ ಅದು ಊಟ, ಪಾರ್ಕಿಂಗಿಗೇ ಸಾಲದು ಬಿಡಿ.

ಶಾಲಾ ಮಕ್ಕಳಿಗೂ ಜಾಗವಿದೆ. ಫೋಲಿ ಸ್ಕ್ವೇರ್‌ನ ಥರ್ಗುಡ್ ಮಾರ್ಷಲ್ ಕೋರ್ಟ್‌ಹೌಸಿನಲ್ಲಿ ಒಂದು ಕಲಿಕಾ ಕೇಂದ್ರವಿದೆ, ಮೇಲ್ಮನವಿ ಕೋರ್ಟಿನ ಜಡ್ಜ್ ರಾಬರ್ಟ್ ಕಾಟ್ಜ್‌ಮನ್ ಮುಂದೆ ನಿಂತು ಶುರು ಮಾಡಿಸಿದ್ದು. ಅದೇನೂ ಇಲ್ಲದೆ ಸುಮ್ನೆ ಹೋಗಿ ವಿಚಾರಣೆ ನೋಡಲೂಬಹುದು. ಟಿಕೆಟ್ ಇಲ್ಲ. ಫೋನು ಮಾತ್ರ ಬಾಗಿಲಲ್ಲೇ ಒಪ್ಪಿಸಬೇಕು.

ಅಷ್ಟು ದೂರ ಹೋಗಲಾಗದವರಿಗೆ 'ಪೇಸರ್' ಅನ್ನೋ ಜಾಲತಾಣವಿದೆ. ಕೇಸಿನ ಕಾಗದಪತ್ರಕ್ಕೆ ಪುಟಕ್ಕೆ 10 ಸೆಂಟ್, ಆದರೆ ಮೂರು ತಿಂಗಳಲ್ಲಿ 30 ಡಾಲರ್ ದಾಟದಿದ್ದರೆ ಬಿಲ್ಲೇ ಹಾಕುವುದಿಲ್ಲ. ತೀರ್ಪುಗಳಂತೂ ಹೇಗೂ ಪುಕ್ಕಟೆ.